ಆಜೀವ ಪರವಾನಗಿ – ಕಂತು ಏಳು: ಮೂರನೇ ಪುಟದ ಒಂದು ಬಾಟಲಿ

ಮೂರನೇ ಪುಟದ ನಡುವಿನ ಸಾಲೊಂದರ ಮೇಲೆ ಬೆರಳಿಟ್ಟು ಅಂಬಾ ಕಿತ್ತೂರ ಗಟ್ಟಿಯಾಗಿ ನಕ್ಕುಬಿಟ್ಟರು.

ಪರವಾನಗಿ ಮಂಡಳಿಯ ದಫ್ತರ ಕೋಣೆಯಲ್ಲಿ ಅಂಥ ನಗು ಅಪರೂಪ. ಮೇಜಿನಾಚೆ ಕೂತಿದ್ದ ಗುಮಾಸ್ತೆ ಮೊಬೈಲಿನಿಂದ ತಲೆಯೆತ್ತಿದಳು. ಹತ್ತು ನಿಮಿಷ ಅಂತ ಹೇಳಿ ಕಡತ ಕೊಟ್ಟಿದ್ದೆ, ಈಗಾಗಲೇ ಹದಿನೈದಾಯಿತು ಎಂದು ಮರಾಠಿಯಲ್ಲಿ ನೆನಪಿಸಿದಳು.

"ನಗೂ ಅಂಥಾದ್ದು ಏನದ ಮಾವಶಿ ಅದರಾಗ?" ಪಕ್ಕದಲ್ಲಿದ್ದ ಶರ್ವರಿ ಚಿಕ್ಕಮ್ಮನನ್ನು ಕರೆಯುವ ಸಲಿಗೆಯಲ್ಲಿ ಕೇಳಿದಳು. ಸೋಮವಾರದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಅವಳ ಗಂಡ ಮಧ್ವೇಶ ಗಲಗಲಿ, ಇದೇ ಮಂಡಳಿಯ ಲೆಕ್ಕಾಧಿಕಾರಿ, ನಾಲ್ಕು ದಿನದಿಂದ ಕಾಣೆಯಾಗಿದ್ದ.

"ಈ ಸಾಲು ಓದು."

ಶರ್ವರಿ ಬಗ್ಗಿ ಓದಿದಳು. "ಪ್ರತಿ ಮಾದರಿಗೆ ಬಾಟಲಿ ಒಂದು, ಮೊಹರು ಒಂದು. ಇದರಾಗೇನದ?"

"ಇದರಾಗ ನಿನ್ನ ಗಂಡ ಇಲ್ಲ. ಅದಕ್ಕ ನಕ್ಕೆ."

ಇಲ್ಲಿಯತನಕ ಕೀಟನಾಶಕ ಮಾರುವ ಅಂಗಡಿಯವರು ಎರಡು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಿಕೊಳ್ಳಬೇಕಿತ್ತು. ಆ ಶುಲ್ಕದಿಂದಲೇ ಇನ್ಸ್‌ಪೆಕ್ಟರುಗಳ ತಿರುಗಾಟ, ಮಾದರಿ ಬಾಟಲಿಗಳು, ಪ್ರಯೋಗಾಲಯ ಎಲ್ಲ ನಡೆಯುತ್ತಿದ್ದವು. ಈಗ ಬರಲಿರುವ ನಿಯಮದಲ್ಲಿ ಪರವಾನಗಿ ಒಮ್ಮೆ ಪಡೆದರೆ ಆಜೀವ. ನವೀಕರಣವಿಲ್ಲ, ಶುಲ್ಕವೂ ಇಲ್ಲ. ಆಗ ಪ್ರಯೋಗಾಲಯದ ಖರ್ಚು ಸರ್ಕಾರದ ಬಜೆಟ್ಟಿನ ಮೇಲೆ ಬೀಳುತ್ತದೆ. ಅದು ಎಷ್ಟು ಎಂದು ಲೆಕ್ಕ ಹಾಕಿ ಟಿಪ್ಪಣಿ ಬರೆಯುವ ಕೆಲಸ ಮಧ್ವೇಶನಿಗೆ ಬಂದಿತ್ತು.

ವರ್ಷಕ್ಕೆ ಆರು ಕೋಟಿ ಎಂದು ಅವನು ಬರೆದಿದ್ದ. ಕಡತದಲ್ಲಿದ್ದ ಪುಟ ಎರಡು ಕೋಟಿ ಅನ್ನುತ್ತಿತ್ತು. 'ಈಗಿರುವ ಬಜೆಟ್ಟಿನಲ್ಲೇ ಸರಿದೂಗಿಸಬಹುದು' ಎಂಬ ಷರಾ ಬೇರೆ. ಕೊನೆಯ ಪುಟದಲ್ಲಿ ಮಧ್ವೇಶನ ಸಹಿ. ವ್ಯಾಪಾರಿಗಳ ದುಡ್ಡು ತಿಂದು ಲೆಕ್ಕ ಇಳಿಸಿಕೊಟ್ಟ, ಈಗ ಮುಖ ಮರೆಸಿಕೊಂಡು ಓಡಾಡುತ್ತಿದ್ದಾನೆ ಎಂದು ಕಚೇರಿಯ ತುಂಬ ಗುಸುಗುಸು. ಪೊಲೀಸರು ಕಾಣೆಯಾದವರ ಪಟ್ಟಿಗೆ ಹೆಸರು ಸೇರಿಸಿ ಸುಮ್ಮನಾಗಿದ್ದರು. ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಹಣಕಾಸು ಸಮಿತಿ ಕೂತು ಈ ಟಿಪ್ಪಣಿಯನ್ನು ಒಪ್ಪಿಬಿಟ್ಟರೆ ಮುಗಿಯಿತು.

"ನೋಡು ಶರ್ವರಿ," ಅಂಬಾ ದನಿ ತಗ್ಗಿಸಿದರು. "ಅಂಗಡಿಗೆ ಹೋಗಿ ಔಷಧದ ಮಾದರಿ ತಗದರ ಅದನ್ನ ಮೂರು ಪಾಲು ಮಾಡಬೇಕು. ಮೂರು ಬಾಟಲಿ, ಮೂರಕ್ಕೂ ಅರಗು, ಮೂರಕ್ಕೂ ಮೊಹರು. ಒಂದು ಅಂಗಡಿಯವಗ, ಒಂದು ಪ್ರಯೋಗಾಲಯಕ್ಕ, ಒಂದು ಕೋರ್ಟಿಗೆ. ಪ್ರಯೋಗಾಲಯದ ವರದಿ ಸುಳ್ಳು ಅಂತ ಅಂಗಡಿಯವ ವಾದ ಮಾಡಿದರ, ಕೋರ್ಟು ಆ ಮೂರನೇ ಬಾಟಲಿ ಒಡಿಸಿ ಪರೀಕ್ಷಾ ಮಾಡಸ್ತದ. ಅದು ಇಲ್ಲಂದ್ರ ಕೇಸೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ನಾ ಮಾಡಿದ ಕೆಲಸ ಇದು."

ಆ ಮಾತು ಹೇಳುವಾಗ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಶಿರೂರು ತಾಲೂಕಿನ ಹಳ್ಳಿಹಳ್ಳಿಗೆ ಲೂನಾ ಓಡಿಸಿಕೊಂಡು ಹೋಗಿ ಮಾದರಿ ತೆಗೆದ ಮೊದಲ ಹೆಣ್ಣು ಇನ್ಸ್‌ಪೆಕ್ಟರ್ ಅವರು. ಅಂಬಾಬಾಯಿ ಬಂದಳೆಂದರೆ ಅಂಗಡಿಯವರು ಷಟರ್ ಎಳೆಯುತ್ತಿದ್ದರು. ಎಳೆದರೂ ಬಿಡದೆ ಹೊರಗೆ ಕಟ್ಟೆಯ ಮೇಲೆ ಕೂತು, ಷಟರ್ ಮೇಲೇಳುವತನಕ ಕಾಯುತ್ತಿದ್ದರು. ಅವರು ಹೂಡಿದ ಒಂದು ಕೇಸೂ ಕೋರ್ಟಿನಲ್ಲಿ ಬಿದ್ದಿರಲಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಈಗ ಮಾರ್ಕೆಟ್ ಯಾರ್ಡಿನ ಬೀಜದಂಗಡಿಯೊಂದರ ಮಾಳಿಗೆಯಲ್ಲಿ ಖಾಸಗಿ ತಪಾಸಣೆಯ ಸಣ್ಣ ಕಚೇರಿ ಇಟ್ಟಿದ್ದರು. ಗಂಡನನ್ನು ಹುಡುಕಿಕೊಡಿ ಎಂದು ಶರ್ವರಿ ಬಂದದ್ದು ಅಲ್ಲಿಗೇ.

"ನಮ್ಮ ಮನಿಯವರು ಮೂರು ಅಂತನ ಬರದಿದ್ದರು," ಶರ್ವರಿ ಅಂದಳು. "ಊಟಕ್ಕ ಕೂತಾಗ ನನಗ ಓದಿ ತೋರಿಸಿದ್ದರು. ಈ ಒಂದು ಪುಟದಿಂದ ಪ್ರಯೋಗಾಲಯ ಉಳೀತದ ನೋಡು ಅಂದಿದ್ದರು. ಆಗ ಅವರ ದನಿ ನೀವು ಕೇಳಬೇಕಿತ್ತು ಮಾವಶಿ. ಮಗಳು ಮೊದಲನೇ ನಂಬರ್ ಬಂದಾಗೂ ಅಷ್ಟು ಖುಷಿ ಇರಲಿಲ್ಲ."

"ಅಂದ್ರ ಈ ಪುಟ ಬ್ಯಾರೆಯವರು ಬರದು ಒಳಗ ಸೇರಿಸ್ಯಾರ. ಮಾದರಿ ತಗಿಯೂ ಕೆಲಸದ ಗಂಧಗಾಳಿ ಇಲ್ಲದವರು."

ಕಡತ ಯಾರ ಯಾರ ಕೈದಾಟಿ ಬಂದಿದೆ ಎಂಬ ಚೀಟಿ ಮೊದಲ ಪುಟಕ್ಕೆ ಅಂಟಿಸಿತ್ತು. ಅದರಲ್ಲಿ ಮೂರೇ ಹೆಸರು. ಟಿಪ್ಪಣಿ ಬರೆದ ಮಧ್ವೇಶ. ಮಾದರಿಗಳ ಅಂಕಿಸಂಖ್ಯೆ ಒದಗಿಸಿದ ಶಿರೂರಿನ ಹಿರಿಯ ಇನ್ಸ್‌ಪೆಕ್ಟರ್ ಪಂಢರಿನಾಥ ಖೋತ. ಲೆಕ್ಕ ಪರಿಶೀಲಿಸಿದ ಹೊರಗಿನ ಸಲಹೆಗಾರ ಮೋಹನದಾಸ್ ಶೇರಿಗಾರ್.

ಅಂಬಾ ತಮ್ಮ ಡೈರಿಯಲ್ಲಿ ಮೂರೂ ಹೆಸರು ಬರೆದುಕೊಂಡರು. ಬರೆದವರೇ ಪಂಢರಿನಾಥನ ಹೆಸರಿನ ಮೇಲೆ ಗೀಟು ಎಳೆದರು.

"ಅವರನ್ನ ಕೇಳೂದ ಬ್ಯಾಡೇನು?"

"ಪಂಢರಿಗೆ ಅರಗು ಕರಗಸೂದು ಕಲಿಸಿದಾಕಿ ನಾನು. ಬೆರಳು ಸುಟ್ಟರೂ ಮೊಹರು ಬಿಡದ ಹುಡುಗ. ಮೂರರ ಬದಲಿ ಒಂದು ಅಂತ ಬರಿಯೂದು ಅವನ ಕೈಯಿಂದ ಆಗೂದಿಲ್ಲ." ಅಂಬಾ ಡೈರಿ ಮುಚ್ಚಿದರು. "ನಡಿ, ಮಗರಪಟ್ಟಾಕ್ಕ ಹೋಗೂಣು."

* * *

ಮೋಹನದಾಸ್ ಶೇರಿಗಾರನ ಕಚೇರಿ ಮಗರಪಟ್ಟಾದ ಎತ್ತರದ ಕಟ್ಟಡವೊಂದರ ಆರನೇ ಮಹಡಿಯಲ್ಲಿತ್ತು. ಅವನಪ್ಪ ಕುಂದಾಪುರದ ಕಡೆಯಿಂದ ಬಂದು ಸ್ವಾರಗೇಟಿನ ಹತ್ತಿರ ಹೋಟೆಲು ಕಟ್ಟಿದವರು. ಮಗ ಹೋಟೆಲು ಬಿಟ್ಟು ಲೆಕ್ಕಪತ್ರದ ಸಲಹೆಗಾರನಾದ. ಕೈಕೆಳಗೆ ಹತ್ತು ಹದಿನೈದು ಜನ ಕಂಪ್ಯೂಟರ್ ಮುಂದೆ ಕೂತಿದ್ದರು. ಸರ್ಕಾರಿ ಮಂಡಳಿಗಳಿಗೆ ಲೆಕ್ಕ ನೋಡಿಕೊಡುವುದೇ ಅವನ ಈಗಿನ ವಹಿವಾಟು.

"ಬನ್ನಿ ಬನ್ನಿ ಅಂಬಾ ಮೇಡಂ. ಎಂತ, ನಮ್ಮ ಕಡೆ ಅಪರೂಪ!" ಅವನೇ ಎದ್ದು ಬಂದು ಬಾಗಿಲು ತೆಗೆದ. "ಕೂತ್ಕೊಳ್ಳಿ. ಕಾಫಿ ತರಿಸ್ತೇನೆ. ಅಪ್ಪನ ಹೋಟೆಲಿನ ಪುಡಿ, ಇಲ್ಲಿಯ ಮಿಷಿನಿನದ್ದಲ್ಲ."

ಕಾಫಿ ಬಂತು. ಅಂಬಾ ಲೋಟ ಮುಟ್ಟಲಿಲ್ಲ.

"ಶೇರಿಗಾರ್ ಅವರ, ನಾನೊಂದು ಅಂಗಡಿಗೆ ಹೋಗೇನಿ ಅಂತ ತಿಳೀರಿ. ಒಂದು ಔಷಧದ ಮಾದರಿ ತಗೋಬೇಕು. ಎಷ್ಟು ಬಾಟಲಿ ಒಯ್ಯಲಿ?"

"ಮೂರು," ಮೋಹನದಾಸ್ ಕಣ್ಣು ಮಿಟುಕಿಸದೆ ಹೇಳಿದ. "ಅಂಗಡಿಗೊಂದು, ಲ್ಯಾಬಿಗೊಂದು, ಕೋರ್ಟಿಗೊಂದು. ಯಾಕೆ ಮೇಡಂ, ಪರೀಕ್ಷೆಯಾ?"

ಅಂಬಾ ಮುಖದ ಮೇಲೆ ಏನೂ ತೋರಿಸಲಿಲ್ಲ. ಇವನಿಗೆ ಗೊತ್ತಿರಲಾರದು ಎಂದುಕೊಂಡೇ ಬಂದಿದ್ದರು.

"ನಾನು ಲೆಕ್ಕದವ ಆದ್ರೂ ಮಾಡುವ ಕೆಲಸ ತಿಳ್ಕೊಂಡೇ ಮಾಡುವುದು," ಮೋಹನದಾಸ್ ನಗುತ್ತ ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿದ. "ಇದು ನಾನು ಪರಿಶೀಲಿಸಿದ ಪ್ರತಿ. ತಾರೀಖು ನೋಡಿ. ಎರಡು ವಾರದ ಹಿಂದಿನದ್ದು. ಮಾದರಿಗೆ ಮೂರು ಬಾಟಲಿ, ಒಟ್ಟು ಆರು ಕೋಟಿ. ನನ್ನ ಕೈಯಿಂದ ಹೋಗುವಾಗ ಹೀಗೇ ಇತ್ತು. ಆಮೇಲೆ ಎಂತ ಆಯ್ತು ನನಗೆ ಗೊತ್ತಿಲ್ಲ."

ಶರ್ವರಿ ಪರದೆಯನ್ನೇ ನೋಡುತ್ತಿದ್ದಳು. ಗಂಡ ಊಟದ ಹೊತ್ತಿಗೆ ಓದಿದ ಸಾಲುಗಳೇ ಅಲ್ಲಿದ್ದವು. ಅವಳ ಕಣ್ಣು ತುಂಬಿತು.

"ನಿಮ್ಮ ಇನ್ಸ್‌ಪೆಕ್ಟರನ್ನ ಕೇಳಿದ್ರಾ?" ಮೋಹನದಾಸ್ ಮೆಲ್ಲಗೆ ಕೇಳಿದ.

"ನನ್ನ ಇನ್ಸ್‌ಪೆಕ್ಟರನ್ನ ಕೇಳೂ ಗರಜಿಲ್ಲ."

"ಸರಿ. ಅವರ ವಿಷಯ ನಿಮಗೇ ಹೆಚ್ಚು ಗೊತ್ತುಂಟು." ಅವನು ಎದ್ದು ನಿಂತು ಕೈಮುಗಿದ. "ಕಾಫಿ ಆರಿಹೋಯ್ತು, ಮಾರಾಯ್ರೆ."

ಲಿಫ್ಟಿನಲ್ಲಿ ಇಳಿಯುತ್ತ ಅಂಬಾ ಮೂರನೇ ಮಹಡಿ ದಾಟುವಾಗ ಡೈರಿ ತೆಗೆದರು. ಗೀಟು ಹೊಡೆದ ಹೆಸರನ್ನು ನೋಡುತ್ತ ನಿಂತರು. ಕೆಳಗೆ ಬಾಗಿಲು ತೆರೆದರೂ ಹೊರಗೆ ಕಾಲಿಡಲಿಲ್ಲ.

"ಮಾವಶಿ?"

"ನಾ ತಪ್ಪು ತಿಳಕೊಂಡೆ ಶರ್ವರಿ." ಅವರ ದನಿ ಒಣಗಿತ್ತು. "ಮೂರು ಅನ್ನೂದು ಗೊತ್ತಿಲ್ಲದವರು ಬರದಾರ ಅಂತ ಹೆಮ್ಮೆಯಿಂದ ಹೇಳಿಬಿಟ್ಟೆ. ಕಡತ ಮುಟ್ಟಿದ ಮೂವರಿಗೂ ಗೊತ್ತದ, ಮೂರು ಬೇಕಂತ. ಗೊತ್ತಿದ್ದೂ ಒಂದು ಅಂತ ಯಾರು ಬರೀತಾರ?"

ಶರ್ವರಿ ಲಿಫ್ಟಿನ ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದಳು.

"ಒಂದೇ ತಗೊಳ್ಳುವವರು," ಅಂಬಾ ಅಂದರು. "ಗಾಡಿ ತಗಿ. ಶಿರೂರಿಗೆ."

* * *

ನಗರ ರಸ್ತೆಯಲ್ಲಿ ಲಾರಿಗಳ ಸಾಲು. ಎರಡು ತಾಸು ಹಿಡಿಯಿತು. ದಾರಿಯುದ್ದಕ್ಕೂ ಅಂಬಾ ಒಂದೇ ಮಾತಾಡಿದರು: "ನಾ ಅಂದದ್ದು ಸುಳ್ಳಾಗಲಿ."

ಶಿರೂರಿನ ಕಚೇರಿ ಅವರಿದ್ದಾಗಿನಂತೆಯೇ ಇತ್ತು. ಅದೇ ತಗಡಿನ ಚಾವಣಿ, ಎದುರಿಗೆ ಅದೇ ಬೇವಿನ ಮರ. ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಶರ್ವರಿ ಮರದ ಕೆಳಗೆ ನಿಂತು ಮಗಳ ಶಾಲೆಗೆ ಫೋನು ಹಚ್ಚಿದಳು. ಅಂಬಾ ಒಬ್ಬರೇ ಒಳಗೆ ಹೋದರು.

ಪಂಢರಿನಾಥ ಖುರ್ಚಿಯಿಂದ ಎದ್ದು ಓಡಿಬಂದು ಕಾಲು ಮುಟ್ಟಿದ. ನಲವತ್ತೈದು ದಾಟಿದ ಗಂಡಸು, ನಿಪ್ಪಾಣಿ ಕಡೆಯವನು. ಮೀಸೆ ಅರ್ಧ ಬೆಳ್ಳಗಾಗಿತ್ತು. "ಬಾಯಾರ, ಒಂದು ಫೋನ್ ಮಾಡಬಾರದೇನ್ರಿ? ಸ್ಟ್ಯಾಂಡಿಗೇ ಬರತಿದ್ದೆ."

"ಮೂರನೇ ಬಾಟಲಿ ಇಡೂ ಕೋಣೆಯ ಕೀಲಿ ಕೊಡು, ಪಂಢರಿ."

ಅವನ ಮುಖ ಹಾಗೆಯೇ ನಿಂತುಬಿಟ್ಟಿತು. ಯಾಕೆ ಎಂದು ಕೇಳಲಿಲ್ಲ. ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಿ ಕೊಟ್ಟ. ಕೊಟ್ಟು, ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಡೆದುಬಂದ.

ಕೋಣೆಯಲ್ಲಿ ಕಬ್ಬಿಣದ ಕಪಾಟುಗಳು. ಪ್ರತಿ ಕಪಾಟಿನ ಮೇಲೂ ವರ್ಷದ ಚೀಟಿ. ಅಂಬಾ ತಾವಿದ್ದ ಕಾಲದ ಕಪಾಟು ತೆಗೆದರು. ಬಾಟಲಿಗಳು ಸಾಲಾಗಿ ನಿಂತಿದ್ದವು. ಕತ್ತಿಗೆ ಕೆಂಪು ಅರಗು, ಅದರ ಮೇಲೆ ಮೊಹರು, ಬಟ್ಟೆಯ ಪಟ್ಟಿಯ ಮೇಲೆ ಅವರದೇ ಕೈಬರಹ. ಮುಂದಿನ ವರ್ಷದ ಕಪಾಟಿನಲ್ಲಿ ಪಂಢರಿನಾಥನ ಮೊಹರು. ಅವೂ ಅಷ್ಟೇ ಒಪ್ಪವಾಗಿದ್ದವು.

ಅದರಾಚೆಗಿನ ಮೂರು ಕಪಾಟುಗಳನ್ನು ಒಂದೊಂದಾಗಿ ತೆಗೆದರು. ಮೂರೂ ಖಾಲಿ. ಧೂಳು ಕೂಡ ಸಮನಾಗಿ ಕೂತಿತ್ತು.

"ಮೂರು ವರ್ಷ," ಅಂಬಾ ತಿರುಗಲಿಲ್ಲ.

"ಹೌದ್ರಿ."

"ಎಷ್ಟು ಕೇಸು ಬಿದ್ದವು?"

"ನಲವತ್ತೊಂದು."

"ಹೇಳು. ಒಂದರೆ ಹೇಳು. ಕೇಳತೀನಿ."

ಪಂಢರಿನಾಥ ಗೋಡೆಗೆ ಕೈಕೊಟ್ಟು ನಿಂತ. "ಹೋದ ವರ್ಷ ಉಳ್ಳಾಗಡ್ಡಿ ಬೆಳಿಯೂ ರೈತರು ಮೂವತ್ತು ಮಂದಿ ಬಂದಿದ್ದರು. ಔಷಧ ಹೊಡದರೂ ಹುಳ ಸಾಯವಲ್ಲವು ಅಂತ. ಅಂಗಡಿಗೆ ಹೋಗಿ ಮಾದರಿ ತಗದೆ. ಪ್ರಯೋಗಾಲಯದವರು ಬಣ್ಣದ ನೀರು ಅಂತ ವರದಿ ಕೊಟ್ಟರು. ಕೋರ್ಟಿನ್ಯಾಗ ಅಂಗಡಿಯವನ ವಕೀಲ ಒಂದ ಮಾತು ಕೇಳಿದ. ಮೂರನೇ ಬಾಟಲಿ ಎಲ್ಲದ ಅಂತ. ನಾ ತಲಿ ತಗ್ಗಿಸಿ ನಿಂತೆ. ಹತ್ತು ನಿಮಿಷದಾಗ ಕೇಸು ಹೋತು." ಅವನು ಪೇಟೆಯ ಕಡೆ ಕೈ ತೋರಿಸಿದ. "ಆ ಅಂಗಡಿ ಈಗೂ ನಡದದರಿ. ಹೊಸ ನಿಯಮ ಬಂದರ ಅವನಿಗೂ ಜೀವ ಇರೂತನಕಾ ಪರವಾನಗಿ."

"ನನ್ನ ಮುಂದ ನಿಂತು ಇದನ್ನ ಹೇಳ್ತಿ!" ಈಗ ಅಂಬಾ ತಿರುಗಿದರು. ಅರವತ್ತೆರಡರ ಆ ಸಣ್ಣ ದೇಹ ಕೋಣೆ ತುಂಬಿ ನಿಂತಂತಿತ್ತು. "ಇವತ್ತು ಮುಂಜಾನೆ ನಿನ್ನ ಹೆಸರಿಗೆ ಗೀಟು ಹೊಡದೆನೋ ನಾನು. ಪಂಢರಿ ಇಂಥಾದ್ದು ಮಾಡೂದಿಲ್ಲ ಅಂತ ಇನ್ನೊಬ್ಬರ ಮನಿ ಹೆಣ್ಣುಮಗಳ ಮುಂದ ಎದಿ ತಟಗೊಂಡು ಹೇಳಿದೆ. ಆ ಮೂರನೇ ಪುಟ ನೀ ಬರದದ್ದು, ಹೌದಲ್ಲೋ?"

"ಅಂಕಿ ನಂದ್ರಿ. ಪುಟ ಅಲ್ಲ."

"ಬಿಡಿಸಿ ಹೇಳು."

"ಹೋದ ಶುಕ್ರವಾರ ಮಂಡಳಿಯ ಲೆಕ್ಕ ವಿಭಾಗದಿಂದ ಮೇಲ್ ಬಂತ್ರಿ. ಕಾಯ್ದೆಯೊಳಗ ಇದ್ದದ್ದು ಬ್ಯಾಡ, ಖರೇ ಎಷ್ಟು ಬಾಟಲಿ ಖರ್ಚಾಗ್ತಾವ ಅದನ್ನ ಕಳಿಸು ಅಂತ. ಒಂದು ಅಂತ ಕಳಿಸಿದೆ. ಮೂರು ವರ್ಷದಾಗ ಮೊದಲ ಸಲ ಯಾರೋ ಖರೇ ಕೇಳಿದ್ದರು ಬಾಯಾರ. ಸುಳ್ಳು ಹೆಂಗ ಬರೀಲಿ? ಆ ಅಂಕಿ ಹಿಡಕೊಂಡು ಆರು ಕೋಟೀನ ಎರಡು ಮಾಡತಾರಂತ ನನಗೇನ ಗೊತ್ತು?"

ಆಟ ಅಂಬಾ ಅವರಿಗೆ ಈಗ ಕಂಡಿತು. ಉಳಿತಾಯದ ಹೆಸರಿನಲ್ಲಿ ಮೊದಲು ಮೂರನ್ನು ಒಂದಕ್ಕೆ ಇಳಿಸಿದರು. ಈಗ ಆ ಒಂದನ್ನೇ ಲೆಕ್ಕಕ್ಕೆ ಹಿಡಿದು, ಶುಲ್ಕ ಹೋದರೂ ಸರ್ಕಾರಕ್ಕೆ ಹೊರೆಯಿಲ್ಲ ಎಂದು ತೋರಿಸುತ್ತಿದ್ದಾರೆ.

"ನಾಳೆ ಅದು ಬಜೆಟ್ಟಿನ್ಯಾಗ ಒಂದು ಅಂತ ಕೂತಬಿಟ್ಟರ, ಮುಂದ ಯಾವ ಇನ್ಸ್‌ಪೆಕ್ಟರಿಗೂ ಮೂರು ಬಾಟಲಿ ಸಿಗೂದಿಲ್ಲ," ಅವರು ಹೇಳಿದರು. "ಒಂದು ಕೇಸೂ ನಿಲ್ಲೂದಿಲ್ಲ. ನಕಲಿ ಔಷಧ ಮಾರುವವಗ ಇದಕ್ಕಿಂತ ಚೊಲೋ ಪರವಾನಗಿ ಯಾವದದ?"

"ಬಾಯಾರ, ಒಂದ ನಿಮಿಷ."

ಪಂಢರಿನಾಥ ಹೊರಗೆ ಹೋಗಿ ದಪ್ಪನೆಯ ರಜಿಸ್ಟರು ತಂದ. ಮಾದರಿ ತೆಗೆದ ದಿನದಿನದ ದಾಖಲೆ. ಮೂರು ವರ್ಷದ ಪುಟಗಳನ್ನು ಅವನೇ ತಿರುವಿ ತೋರಿಸಿದ. ತಾರೀಖು, ಅಂಗಡಿ, ಔಷಧದ ಹೆಸರು. ಬಾಟಲಿಗಳ ಸಂಖ್ಯೆಯ ಅಂಕಣದಲ್ಲಿ ಉದ್ದಕ್ಕೂ ಒಂದು, ಒಂದು, ಒಂದು. ಪ್ರತಿಯೊಂದರ ಎದುರಿಗೂ ಪೂರ್ತಿ ಸಹಿ.

"ಕಡಿಮಿ ತಗೊ, ಆದರ ರಜಿಸ್ಟರಿನ್ಯಾಗ ಮೂರು ಅಂತನ ಬರಿ ಅಂತ ಮ್ಯಾಲಿನವರು ಅಂದರು. ಬಾಯಿಮಾತಿಲೆ. ಸುತ್ತಲಿನ ಬಾಕಿ ತಾಲೂಕಿನವರು ಬರದರು. ನಾ ಬರೀಲಿಲ್ಲ. ನೀವು ಕಲಿಸಿದ ರಜಿಸ್ಟರಿನ್ಯಾಗ ನನ್ನ ಕೈ ಸುಳ್ಳು ಬರೀಲಿಲ್ಲ ಬಾಯಾರ. ಯಾರರೆ ತಪಾಸಣಿಗೆ ಬಂದು ನೋಡ್ಯಾರು ಅಂತ ಕಾದೆ. ಮೂರು ವರ್ಷ ಯಾರೂ ಈ ಪುಟ ತಗದು ನೋಡಲಿಲ್ಲ."

ಅಂಬಾ ರಜಿಸ್ಟರು ಕೈಗೆ ತೆಗೆದುಕೊಂಡರು. ನೂರಾರು ಸಹಿಗಳು. ಒಂದೂ ಗೀಚಿದ್ದಲ್ಲ. ಬಯ್ಯುವುದನ್ನು ಬಿಟ್ಟು ರಜಿಸ್ಟರು ಮುಚ್ಚಿದರು.

"ಇದನ್ನ ನಾಳೆ ಸಮಿತಿ ಮುಂದ ಇಡತೀಯೇನು?"

"ಇಟ್ಟರ ಮೊದಲು ಹೋಗೂದು ನನ್ನ ನೌಕರಿ. ಮೂರು ತಗೋಬೇಕು ಅಂತ ಕಾಯ್ದೆ ಅದ. ತಗೊಂಡಿಲ್ಲ ಅಂತ ನಾನ ಬರಕೊಟ್ಟೀನಿ."

"ಹೋಗಬಹುದು. ಹೋಗೂದಿಲ್ಲ ಅಂತ ಸುಳ್ಳು ಹೇಳೂದಿಲ್ಲ."

ಪಂಢರಿನಾಥ ಖಾಲಿ ಕಪಾಟುಗಳ ಕಡೆ ನೋಡಿದ. ಬಹಳ ಹೊತ್ತು ನೋಡಲಿಲ್ಲ. ಮೂರರ ಬಾಗಿಲನ್ನೂ ತಾನೇ ಮುಚ್ಚಿದ.

"ಎಷ್ಟು ಗಂಟೆಕ್ಕರಿ ಸಮಿತಿ?"

"ಹನ್ನೊಂದಕ್ಕ."

"ಹತ್ತಕ್ಕ ಬಂದು ನಿಲ್ಲತೀನಿ. ಯೂನಿಫಾರ್ಮ್ ನಮಗಿಲ್ಲ. ಇದ್ದಿದ್ದರ ಇಸ್ತ್ರಿ ಮಾಡಿ ಹಾಕ್ಕೊಂಡು ಬರತಿದ್ದೆ."

ಅಂಬಾ ಮುಖ ಆ ಕಡೆ ತಿರುಗಿಸಿದರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವರಿಗೆ ಎರಡು ಸಲ ಬಂಗಾರದ ಪದಕ ಸಿಕ್ಕಿತ್ತು. ಆ ಎರಡು ದಿನವೂ ಎದೆ ಇಷ್ಟು ಉಬ್ಬಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಧೂಳು ಭಾಳ ಆಗೇದ ಇಲ್ಲೆ," ಅಂದರು.

ಆಮೇಲೆ ಮತ್ತೆ ಇನ್ಸ್‌ಪೆಕ್ಟರಿನ ದನಿ ಬಂತು. "ಮೂರು ಬ್ಯಾಡ, ಒಂದು ಸಾಕು ಅಂತ ಹುಕುಂ ಯಾರದು?"

ಪಂಢರಿನಾಥ ಬಾಗಿಲ ಕಡೆ ನೋಡಿದ. ಹೊರಗೆ ಶರ್ವರಿ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು.

"ಗಲಗಲಿ ಸಾಹೇಬರು ಸೋಮವಾರ ಇಲ್ಲಿಗೆ ಬಂದಿದ್ದರ್ರಿ."

ಅಂಬಾ ತಟ್ಟನೆ ಅವನ ಕಡೆ ತಿರುಗಿದರು. "ಸೋಮವಾರ? ಮಧ್ವೇಶ? ಪೊಲೀಸರಿಗೆ ಹೇಳಿದ್ಯಾ?"

"ಪೊಲೀಸರು ಕೇಳಲಿಲ್ಲ. ನಾನಾಗಿ ಹೇಳಾಕ ಧೈರ್ಯ ಆಗಲಿಲ್ಲ. ಒಂದು ಗಂಟೆ ಸುಮಾರು ಬಂದರು. ಕೈಯಾಗ ಆ ಮೂರನೇ ಪುಟದ ಝೆರಾಕ್ಸ್ ಇತ್ತು. ನಿಮ್ಮಂಗನ ಕೋಣೆಯ ಕೀಲಿ ಕೇಳಿದರು. ಖಾಲಿ ಕಪಾಟು ನೋಡಿದರು. 'ಒಂದು ತಗೊ ಅಂತ ಯಾರಂದರು ನಿಮಗ' ಅಂತ ಕೇಳಿದರು." ಪಂಢರಿನಾಥನ ದನಿ ಪಿಸುಮಾತಿಗೆ ಇಳಿಯಿತು. "ನೀವ ಸಾಹೇಬರ, ಅಂದೆ."

"ಏನಂದಿ?"

ಅವನು ರಜಿಸ್ಟರಿನ ಹಿಂದಿನ ರಟ್ಟಿನೊಳಗಿಂದ ಮಡಿಚಿಟ್ಟ ಹಾಳೆ ತೆಗೆದುಕೊಟ್ಟ. ಮಂಡಳಿಯ ತಲೆಬರಹ. ಮೂರು ವರ್ಷದ ಹಿಂದಿನ ಜುಲೈ ಹದಿನೆಂಟರ ತಾರೀಖು. ಮಿತವ್ಯಯದ ದೃಷ್ಟಿಯಿಂದ ಇನ್ನು ಮುಂದೆ ಪ್ರಯೋಗಾಲಯದ ಒಂದು ಪಾಲು ಮಾತ್ರ ತೆಗೆದುಕೊಳ್ಳತಕ್ಕದ್ದು ಎಂದು ಮರಾಠಿಯಲ್ಲಿ ನಾಲ್ಕು ಸಾಲು. ಕೆಳಗೆ ಸಹಿ.

ಮ. ಗಲಗಲಿ, ಲೆಕ್ಕಾಧಿಕಾರಿ.

ಅಂಬಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅದೇ ಸಹಿ. ಮುಂಜಾನೆ ಟಿಪ್ಪಣಿಯ ಕೊನೆಯ ಪುಟದಲ್ಲಿ ಕಂಡದ್ದೇ.

"ಇದನ್ನ ನೋಡಿ ಅವ ಏನಂದ?"

"ಏನೂ ಅನ್ನಲಿಲ್ಲ. ಆ ಸ್ಟೂಲಿನ ಮ್ಯಾಲ ಅರ್ಧ ತಾಸು ಕೂತರು. ಚಹಾ ತರಸಿದೆ, ಕುಡೀಲಿಲ್ಲ. ಆ ಹಾಳಿ ಬಿಟ್ಟು ಕಣ್ಣು ಕೀಳಲಿಲ್ಲರಿ."

"ಯಾವ ಹಾಳಿ?"

ಶರ್ವರಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರಿಗೂ ತಿಳಿದಿರಲಿಲ್ಲ. ಪಂಢರಿನಾಥ ಕೈ ಮುಂದೆ ಚಾಚಿದ, ಹಾಳೆ ವಾಪಸು ಇಸಿದುಕೊಳ್ಳುವವನಂತೆ. ಅಂಬಾ ಕೊಡಲಿಲ್ಲ. ಮುಚ್ಚಿಡುವುದಕ್ಕೆ ಒಂದೇ ಕ್ಷಣ ಮನಸ್ಸಾಯಿತು, ಮರುಕ್ಷಣ ನಾಚಿಕೆಯಾಯಿತು. ಹಾಳೆಯನ್ನು ಶರ್ವರಿಯ ಕೈಗೇ ಇಟ್ಟರು.

"ಓದು. ಇದು ನಿನ್ನಿಂದ ಮುಚ್ಚಿಡೂ ಕಾಗದ ಅಲ್ಲ."

ಶರ್ವರಿ ಓದಿದಳು. ಸಹಿಯ ಮೇಲೆ ಅವಳ ಕಣ್ಣು ನಿಂತಿತು. ಅಂಬಾ ಅವಳ ತೋಳು ಹಿಡಿಯಲು ಒಂದು ಹೆಜ್ಜೆ ಮುಂದೆ ಬಂದರು. ಹಿಡಿಯುವ ಅಗತ್ಯ ಬರಲಿಲ್ಲ. ಶರ್ವರಿ ಸಹಿ ಬಿಟ್ಟು ಹಾಳೆಯ ಮೇಲ್ತುದಿಗೆ ಹೋದಳು. ಅಲ್ಲಿದ್ದದ್ದನ್ನು ಎರಡು ಸಲ ಓದಿ ತಲೆಯೆತ್ತಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ಬಣ್ಣ ಬಂದಿತ್ತು.

"ಜುಲೈ ಹದಿನೆಂಟು. ಇದು ಇವರು ಮಾಡಿದ ಸಹಿ ಅಲ್ಲ ಮಾವಶಿ."

"ಶರ್ವರಿ, ಸಹಿ ನಾನೂ ನೋಡೇನಿ..."

"ಆ ಜುಲೈದಾಗ ಇವರು ಗಾಡಿಯಿಂದ ಬಿದ್ದು ಬಲಗೈ ಮುರಕೊಂಡಿದ್ದರು. ಬೆರಳತುದಿತನಕಾ ಪ್ಲಾಸ್ಟರು. ಆರು ವಾರ ಮನಿ ಬಿಟ್ಟು ಹೊರಗ ಹೋಗಿಲ್ಲ. ಆರು ವಾರ ನಾ ತುತ್ತು ಮಾಡಿ ಉಣಿಸೇನಿ. ಪೆನ್ನು ಹಿಡಿಯೂದಿರಲಿ, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರತಿರಲಿಲ್ಲ." ಅವಳ ದನಿ ನಡುಗಲಿಲ್ಲ. "ದವಾಖಾನಿ ಕಾಗದ ಎಲ್ಲಾ ಮನ್ಯಾಗ ಅವ. ನನ್ನ ಗಂಡ ಇಂಥಾ ಹುಕುಂ ಬರಿಯೂ ಮನಷ್ಯಾ ಅಲ್ಲ ಅಂತ ನಾಲ್ಕು ದಿನ ಎಲ್ಲಾರ ಮುಂದ ಬಾಯಿಮಾತಿಲೆ ಹೇಳಿದೆ. ಈಗ ಕಾಗದ ಇಟ್ಟು ಹೇಳತೀನಿ."

ಅಂಬಾ ಹಾಳೆಯನ್ನು ಮತ್ತೆ ಕೈಗೆ ತೆಗೆದುಕೊಂಡು ತಾರೀಖು ನೋಡಿದರು.

ಅಂದರೆ ಮಧ್ವೇಶನ ಸಹಿ ಕದ್ದದ್ದು ಹೋದ ವಾರವಲ್ಲ. ಮೂರು ವರ್ಷದ ಹಿಂದೆ. ಆ ಸಂಗತಿ ಅವನಿಗೆ ಗೊತ್ತಾದದ್ದು ಸೋಮವಾರ ಮಧ್ಯಾಹ್ನ, ಈ ಸ್ಟೂಲಿನ ಮೇಲೆ.

"ಆ ಆರು ವಾರ ಅವನ ಖುರ್ಚಿಯೊಳಗ ಯಾರು ಕೂತಿದ್ದರು?" ಅಂಬಾ ನಿಧಾನವಾಗಿ ಕೇಳಿದರು.

"ಮಂಡಳಿಯೊಳಗ ಬ್ಯಾರೆ ಲೆಕ್ಕದವರು ಇರಲಿಲ್ಲ," ಶರ್ವರಿ ನೆನಪಿಸಿಕೊಂಡಳು. "ಹೊರಗಿಂದ ಒಬ್ಬರನ್ನ ಕರಸಿದ್ದರು. ದಿನಾ ಸಂಜಿಗೆ ಇವರಿಗೆ ಫೋನ್ ಮಾಡತಿದ್ದರು, ಏನೂ ಚಿಂತಿ ಮಾಡಬ್ಯಾಡ್ರಿ, ಎಲ್ಲಾ ನಾ ನೋಡ್ಕೋತೇನಿ ಅಂತ. ಭಾಳ ಉಪಕಾರ ಮಾಡಿದರು ಅಂತ ಇವರು ಈಗೂ..."

ಅವಳ ಮಾತು ಅಲ್ಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಂಡಳಿಯ ಲೆಕ್ಕ ನೋಡುವ ಹೊರಗಿನವನು ಒಬ್ಬನೇ: ಮೋಹನದಾಸ್ ಶೇರಿಗಾರ್.

ಅಂಬಾ ಹಣೆಗೆ ಕೈ ಹಚ್ಚಿದರು. ಮುಂಜಾನೆ ಅವನೆದುರು ಕೂತು ಬಾಟಲಿಯ ಪ್ರಶ್ನೆ ಕೇಳಿದ್ದರು. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡು ಕೇಳಿದ್ದರು. ಕಾಣೆಯಾದ ಮನುಷ್ಯನ ವಿಷಯದಲ್ಲಿ ಎಂಥ ಹೊಸ ಪೇದೆಯೂ ಮೊದಲಿಗೆ ಕೇಳುವ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ: ಅವನನ್ನು ನೀವು ಕೊನೆಗೆ ನೋಡಿದ್ದು ಯಾವಾಗ?

"ಪಂಢರಿ, ಸೋಮವಾರ ಇಲ್ಲಿಂದ ಎದ್ದು ಮಧ್ವೇಶ ಎಲ್ಲಿಗೆ ಹೋದ?"

"ಮೂರು ಗಂಟೆ ಬಸ್ಸಿಗೆ ನಾನ ಹತ್ತಿಸಿ ಬಂದೆ ಬಾಯಾರ. ಮನಿಗೆ ಹೋಗತೀರೇನ್ರಿ ಸಾಹೇಬರ ಅಂತ ಕೇಳಿದೆ." ಪಂಢರಿನಾಥ ಶರ್ವರಿಯ ಮುಖ ನೋಡಲಾರದೆ ನೆಲ ನೋಡಿದ. "ಇಲ್ಲ, ಮಗರಪಟ್ಟಾದಾಗ ಇಳೀತೀನಿ ಅಂದರು. ಅಲ್ಲೆ ಒಬ್ಬರು ದಾರಿ ನೋಡಾಕ ಹತ್ಯಾರಂತ, ಆರನೇ ಮಹಡಿಯೊಳಗ."